ಕುಮರಿ ಮರಾಠಿಗರ ಹಕ್ಕಿಗೆ ನೆಲವೇ ಸಾಕ್ಷಿಯಾಗಲಿ

ಉತ್ತರ ಕನ್ನಡದ ಭಟ್ಕಳದ ಗಡಿ ದಾಟಿದರೆ ಶಿರೂರು, ಬೈಂದೂರು. ಘಟ್ಟದ ಬುಡದ ಕಾಡು ಗಡಿಯ ಎರಡೂ ಕಡೆ ಒಂದೇ. ಕುಮರಿ, ಅಂದರೆ ಕಾಡು ಸವರಿ ಸುಟ್ಟು ಮಾಡುವ ಸ್ಥಳಾಂತರ ಬೇಸಾಯದಿಂದ ಬದುಕಿದ, ಮನೆಯೊಳಗೆ ಮರಾಠಿ, ಕೊಂಕಣಿ ಬೆರೆತ ಮಾತಾಡುವ ಮರಾಠಿ ಕುಟುಂಬಗಳು ಎರಡೂ ಕಡೆ ಇವೆ. ಆದರೆ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಮರಾಟಿ’ ಎಂಬ ನಮೂದು ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೆ ಮಾತ್ರ ಸೀಮಿತ. ಹೀಗಾಗಿ ಅರಣ್ಯ ಹಕ್ಕು ಕಾಯ್ದೆ, 2006ರಡಿ ಆ ಜಿಲ್ಲೆಗೆ ಸೇರಿದ್ದ ಬೈಂದೂರು ಕಡೆಯವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿದ್ದೇವೆಂದು ತೋರಿಸಿದರೆ ಸಾಕು. ಭಟ್ಕಳ, ಹೊನ್ನಾವರದ ಕುಮರಿ ಮರಾಠಿಗರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳು, ಅವರು ಮೂರು ತಲೆಮಾರು, ಅಂದರೆ ಆ ದಿನಕ್ಕೆ ಹಿಂದಿನ 75 ವರ್ಷ, 1930ರವರೆಗಿನ ವಾಸವನ್ನು ಸಾಬೀತು ಮಾಡಬೇಕು. ಈ ವ್ಯತ್ಯಾಸಕ್ಕೆ ಕಾರಣ ಜನರ ಚರಿತ್ರೆಯಲ್ಲ, ಕಚೇರಿಯ ಚರಿತ್ರೆ. 1862ರಲ್ಲಿ ಕೆನರಾದ ಉತ್ತರ ಭಾಗ ಮುಂಬೈ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿಯಿತು. 1956ರಲ್ಲಿ ಎರಡೂ ಮತ್ತೆ ಒಂದೇ ರಾಜ್ಯಕ್ಕೆ ಸೇರಿದರೂ ಪಟ್ಟಿಯಲ್ಲಿ ಹಳೆಯ ಗೆರೆ ಹಾಗೆಯೇ ನಿಂತಿತು.

ಮಲೆಯೊಳಗಿನ ಇಂಥ ನೆಲೆಗಳಿಗೆ ಕಾಗದ ಏಕಿಲ್ಲ ಎಂಬುದಕ್ಕೆ ಬೇಸಾಯದಲ್ಲೇ ಉತ್ತರವಿದೆ. ಬೇಸಿಗೆಗೆ ಮುನ್ನ ಇಳಿಜಾರಿನ ಕಾಡು ಸವರಿ, ಒಣಗಿದ ಮೇಲೆ ಸುಟ್ಟು, ಮೊದಲ ಮಳೆಗೆ ಬೂದಿಯ ಮೇಲೆ ರಾಗಿ ಚೆಲ್ಲುತ್ತಿದ್ದರು. ಹಂದಿ ಬಾರದಂತೆ ಬೇಲಿ ಕಟ್ಟಿ, ಮಾಳದ ಮೇಲೆ ಕೂತು ರಾತ್ರಿಯಿಡೀ ಕಾಯುತ್ತಿದ್ದರು. ಒಂದೆರಡು ಬೆಳೆ ತೆಗೆದು ಮುಂದಿನ ಗುಡ್ಡಕ್ಕೆ ಹೋದರೆ ಹಿಂದಿನದು ಹಲವು ವರ್ಷ ಹಾಳುಬಿದ್ದು ಮತ್ತೆ ಕಾಡಾಗುತ್ತಿತ್ತು. 1801ರಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಬೇಸಾಯವನ್ನು ದಾಖಲಿಸಿದ್ದಾನೆ. ಕಂದಾಯ ಇಲಾಖೆಗೆ ಬೇಕಾದದ್ದು ಜಾಗ ಬದಲಿಸದ ಹೊಲ, ಹೆಸರು ಬದಲಿಸದ ಒಕ್ಕಲು. ಕುಮರಿಯವರಲ್ಲಿ ಎರಡೂ ಇರಲಿಲ್ಲ. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ಸರ್ಕಾರಿ ಕಾಡಿನಲ್ಲಿ ನಿಷೇಧಿಸಿತು. 1878ರ ಅರಣ್ಯ ಕಾಯ್ದೆ ಹಿಡಿತವನ್ನು ಮತ್ತಷ್ಟು ಬಿಗಿ ಮಾಡಿತು. ಉತ್ತರ ಕನ್ನಡದಲ್ಲೇ ಘಟ್ಟದ ಮೇಲೆ ತೆರಿಗೆ ಕಟ್ಟುವ ಅಡಿಕೆ ತೋಟಿಗರಿಗೆ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಗೊಬ್ಬರದ ಸೊಪ್ಪು ಕಡಿಯುವ ಕಾಡು ಸಿಕ್ಕಿತು. ಇಬ್ಬರೂ ಕಾಡನ್ನೇ ನೆಚ್ಚಿದವರು. ಒಬ್ಬರ ಹೆಸರು ಖಾತೆಯಲ್ಲಿತ್ತು, ಇನ್ನೊಬ್ಬರದು ಇರಲಿಲ್ಲ, ಅಷ್ಟೆ.

‘ಇವರು ಮೂಲನಿವಾಸಿಗಳೇ ಅಲ್ಲ, ಉತ್ತರದಿಂದ ವಲಸೆ ಬಂದವರು’ ಎಂಬ ಆಕ್ಷೇಪವಿದೆ. ಬಂದದ್ದು ನಿಜವೇ ಇರಬಹುದು. ಆದರೆ ಅರಣ್ಯ ಹಕ್ಕು ಕಾಯ್ದೆ ಕೇಳುವುದು ಎಲ್ಲಿಂದ ಬಂದಿರಿ ಎಂದಲ್ಲ, ಎಷ್ಟು ಕಾಲದಿಂದ ಇದ್ದೀರಿ ಎಂದು. ಹಂಗರಿಯ ಬ್ಯುಕ್ ಬೆಟ್ಟಗಳ ರೇಪಾಶ್‌ಹುತಾದಂಥ ಊರುಗಳನ್ನು ನೋಡಿ. 18ನೇ ಶತಮಾನದಲ್ಲಿ ಕಾಡಿನ ಗಾಜಿನ ಭಟ್ಟಿಗಳಿಗೆ ಕೆಲಸಕ್ಕೆ ಬಂದ ಸ್ಲೊವಾಕರು ಅಲ್ಲಿ ನೆಲೆ ನಿಂತರು. ಭಟ್ಟಿ ಮುಚ್ಚಿದ ಮೇಲೂ ಸುಣ್ಣ, ಇದ್ದಿಲು ಸುಟ್ಟು ಬದುಕಿದರು. ಎರಡನೇ ಮಹಾಯುದ್ಧದ ನಂತರ ಜೆಕೊಸ್ಲೊವಾಕಿಯಾದೊಂದಿಗಿನ ಜನವಿನಿಮಯದಲ್ಲಿ ಹಂಗರಿಯ ಸುಮಾರು 73,000 ಸ್ಲೊವಾಕರು ದೇಶ ಬಿಟ್ಟರು. ಉಳಿದವರನ್ನು ಹಂಗರಿ 1993ರ ಕಾನೂನಿನಲ್ಲಿ ದೇಶದ ಅಲ್ಪಸಂಖ್ಯಾತ ಸಮುದಾಯವೆಂದು ಒಪ್ಪಿಕೊಂಡಿತು. ಅದು ಇಟ್ಟ ಅಳತೆ ಕನಿಷ್ಠ ನೂರು ವರ್ಷದ ವಾಸ. ಅಲ್ಲಿಯೂ ಲೆಕ್ಕಕ್ಕೆ ಬಂದದ್ದು ಮೂಲವಲ್ಲ, ಬಾಳಿದ ಕಾಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಸಾಕ್ಷಿಯ ವಿಷಯದಲ್ಲಿ ಸಡಿಲ ಬಿಟ್ಟರೆ ನಿನ್ನೆ ಮೊನ್ನೆ ಕಾಡು ಕಡಿದವರೂ ಹಕ್ಕುಪತ್ರ ಕೇಳುತ್ತಾರೆ, ಮಳೆಗಾಲಕ್ಕೆ ಕುಸಿಯುವ ಈ ಗುಡ್ಡಗಳು ಇನ್ನಷ್ಟು ಬೋಳಾಗುತ್ತವೆ ಎಂಬ ಆತಂಕ ಸುಳ್ಳಲ್ಲ. ಹಾಳುಬಿಡುವ ಅವಧಿ ಕಿರಿದಾದಲ್ಲಿ ಕುಮರಿಯಿಂದಲೂ ಕಾಡಿಗೆ ಪೆಟ್ಟು ಬಿದ್ದಿದೆ. ಆದರೆ ಈಗ ಕೇಳುತ್ತಿರುವುದು ಕುಮರಿಯನ್ನಲ್ಲ. ಮನೆಯಡಿಯ ಜಾಗ, ತುಂಡು ಗದ್ದೆ, ನಾಲ್ಕು ಅಡಿಕೆ ಮರ. ಸಾಗುವಳಿ ಹಕ್ಕಿಗೆ ಕಾಯ್ದೆಯಲ್ಲೇ 4 ಹೆಕ್ಟೇರಿನ ಮಿತಿಯಿದೆ, 2005ರ ಕೊನೆಯ ದಿನವಿದೆ. ಇನ್ನು ಸಾಕ್ಷಿಯ ಮಾತು. ಹಳೆ ಬಾವಿ, ಮನೆಯ ಪಾಯ, ಸಮಾಧಿ, ದೇವರ ಬನ, ವಂಶಾವಳಿ, ಹಿರಿಯರ ಲಿಖಿತ ಹೇಳಿಕೆ ಇವೆಲ್ಲ ಕಾಯ್ದೆಯ ನಿಯಮಗಳಲ್ಲಿನ ನಿಯಮ 13ರಲ್ಲೇ ಇವೆ. ಹಳೆಯ ತಾರೀಖಿನ ಕಾಗದ ಹುಟ್ಟಿಸಬಹುದು; ನಾಲ್ಕು ತಲೆಮಾರು ಪೂಜೆ ಕಂಡ ಬನವನ್ನು ರಾತ್ರೋರಾತ್ರಿ ಹುಟ್ಟಿಸಲಾಗದು. ಇಂಥದ್ದೇ ದಾಖಲೆ ಬೇಕೆಂದು ಅರ್ಜಿ ಪರಿಶೀಲಿಸುವ ಉಪವಿಭಾಗ ಅಥವಾ ಜಿಲ್ಲಾ ಸಮಿತಿ ಹಟ ಹಿಡಿಯಬಾರದೆಂದು ಆ ನಿಯಮಗಳಿಗೆ ತಂದ 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ. ದಂಡದ ರಶೀದಿ, ಅತಿಕ್ರಮಣದಾರರ ಪಟ್ಟಿಗಳನ್ನಷ್ಟೇ ಆಧಾರವಾಗಿಟ್ಟು ಅರ್ಜಿ ತಿರಸ್ಕರಿಸುವಂತಿಲ್ಲ ಎಂದೂ ಹೇಳಿದೆ. ನಿಜಕ್ಕೂ ಹಳೆಯ ದಂಡದ ರಶೀದಿ ಅರ್ಜಿದಾರನ ಪರವೇ ನಿಲ್ಲುತ್ತದೆ: ಆ ವರ್ಷ ಆತ ಅಲ್ಲಿದ್ದ ಎಂದು ಸರ್ಕಾರವೇ ಬರೆದುಕೊಟ್ಟ ಕಾಗದ ಅದು.

ಆಗಬೇಕಾದದ್ದು ಎರಡು. ಗ್ರಾಮ ಅರಣ್ಯ ಹಕ್ಕು ಸಮಿತಿ ಸ್ಥಳ ಮಹಜರಿನಲ್ಲಿ ಕಂಡದ್ದನ್ನು ಮೇಲಿನ ಸಮಿತಿ ಒಪ್ಪದಿದ್ದರೆ, ಒಂದೊಂದು ಸಾಕ್ಷಿಗೂ ಕಾರಣ ಕೊಟ್ಟು ಬರೆಯಬೇಕು. ‘ದಾಖಲೆ ಇಲ್ಲ’ ಎಂಬ ಒಂದೇ ಸಾಲು ಸಾಲದು. ಎರಡನೆಯದಾಗಿ, ಪರಿಶಿಷ್ಟ ಪಂಗಡ ಪಟ್ಟಿಯ ಜಿಲ್ಲಾ ಮಿತಿಯನ್ನು ರಾಜ್ಯ ಸರ್ಕಾರ ಕುಲಶಾಸ್ತ್ರೀಯ ಅಧ್ಯಯನ ಮಾಡಿಸಿ ಮರುಪರಿಶೀಲನೆಗೆ ಕಳಿಸಬೇಕು. ಪಟ್ಟಿ ತಿದ್ದುವುದು ಸಂಸತ್ತಿನ ಕೆಲಸ, ವರ್ಷಗಳೇ ಹಿಡಿಯಬಹುದು. ಕಾಸರಗೋಡು ಕಡೆಯ ಮರಾಟಿಗರನ್ನು ಕೇರಳದ ಪಟ್ಟಿಯಿಂದ ಕೈಬಿಟ್ಟು 2013ರಲ್ಲಿ ಮರಳಿ ಸೇರಿಸಿದ್ದನ್ನು ನೋಡಿದರೆ, ಅದು ತಿದ್ದಲಾಗದ ಶಾಸನವೇನಲ್ಲ. ಮೊದಲನೆಯದಕ್ಕೆ ಮಾತ್ರ ಯಾರ ತಿದ್ದುಪಡಿಯೂ ಬೇಕಿಲ್ಲ. ಇರುವ ನಿಯಮವನ್ನು ಓದಿ ನಡೆದುಕೊಂಡರೆ ಸಾಕು.