ಟ್ರೇಲರ್ ಬದುಕು, ಭಾಗ 3: ರೀಲ್ಸ್‌ನಲ್ಲಿ ಬರದ ಟ್ಯಾಂಕ್

ಅಮೆರಿಕಕ್ಕೆ ಬಂದು ಟ್ರೇಲರ್ ತಗೊಂಡು ಬಾಡಿಗೆ ಉಳಿಸ್ತೀನಿ ಅಂತ ಮೆಸೇಜ್ ಹಾಕ್ತಿರೋರೇ, ಮೊದಲು ಟಾಯ್ಲೆಟ್ ಟ್ಯಾಂಕ್ ಬಗ್ಗೆ ಕೇಳಿ. ಸೂರ್ಯಾಸ್ತದ ಫೋಟೋ ಆಮೇಲೆ.

ಸಾಮಾನ್ಯವಾಗಿ ಮೂರು ಟ್ಯಾಂಕ್ ಇರುತ್ತೆ: ಒಳ್ಳೆ ನೀರಿಗೆ, ಸ್ನಾನ-ಪಾತ್ರೆ ನೀರಿಗೆ, ಟಾಯ್ಲೆಟ್‌ಗೆ. ಕ್ಯಾಂಪ್‌ಗ್ರೌಂಡಿನ ಪೈಪ್ ಸಿಕ್ಕಿದ ಖುಷೀಲಿ ಟಾಯ್ಲೆಟ್ ಟ್ಯಾಂಕಿನ ವಾಲ್ವ್ ತೆರೆದೇ ಬಿಟ್ಟಿದ್ದೆ. ನೀರು ಹರಿದುಹೋಯ್ತು, ಉಳಿದಿದ್ದು ತಳದಲ್ಲಿ ಗಟ್ಟಿಯಾಗಿ ಕೂತ್ಕೊಳ್ತು. ಅದನ್ನ ಬಿಡಿಸಿದ ಎರಡು ದಿನದ ಫೋಟೋ ಹಾಕಲ್ಲ, ಊಟ ಮಾಡ್ತಾ ನೋಡ್ತಿರ್ತೀರ. ವಾಲ್ವ್ ಮುಚ್ಚಿರ್ಬೇಕು, ಧಾರಾಳವಾಗಿ ನೀರು ಹಾಕ್ಬೇಕು, ಮೂರರಲ್ಲಿ ಎರಡು ಪಾಲು ತುಂಬಿದ್ಮೇಲೆ ಖಾಲಿ ಮಾಡ್ಬೇಕು. ಅದಾದ್ಮೇಲೆ ಸೋಪಿನ ನೀರಿನ ಟ್ಯಾಂಕ್ ಬಿಟ್ರೆ ಪೈಪೂ ತೊಳೆದುಹೋಗುತ್ತೆ.

ಕರೆಂಟೂ ಹಾಗೇ. 30 ಆಂಪ್ ಲೈನ್ ಅಂದ್ರೆ 120 ವೋಲ್ಟ್‌ನಲ್ಲಿ 3,600 ವ್ಯಾಟ್, ಅಷ್ಟೇ. ಎಸಿ, ಮೈಕ್ರೋವೇವ್, ಹೇರ್ ಡ್ರೈಯರ್ ಒಟ್ಟಿಗೆ ಹಾಕಿದ್ರೆ ಕತ್ತಲೆ.

ಇದನ್ನೆಲ್ಲ ಮುಚ್ಚಿಟ್ಟು 'ಸ್ವತಂತ್ರ ಬದುಕು' ಅಂತ ತೋರಿಸೋದು ಮೋಸ ಅಂತಲೇ ನಾನು ಹೇಳೋದು. ಕೂಡಿಟ್ಟ ದುಡ್ಡೆಲ್ಲ ಇದಕ್ಕೇ ಹಾಕಿದೀನಿ. ಊರಲ್ಲಿ ಸಂಪ್, ಮೋಟರ್ ಅಂತ ಅಪ್ಪ ಬೆಳಿಗ್ಗೆ ಬೆಳಿಗ್ಗೆ ಕೂಗಾಡ್ತಿದ್ದಿದ್ದು ಯಾಕೆ ಅಂತ ಈಗ ಗೊತ್ತಾಗ್ತಿದೆ.

ತಗೊಳ್ಳೋದಾದ್ರೆ ತಗೊಳ್ಳಿ. ಆದ್ರೆ ಹಾಸಿಗೆ ಎಷ್ಟಗಲ ಅಂತ ಕೇಳೋ ಮೊದಲು, ಆ ವಾಲ್ವ್ ಎಳೆದು ತೋರಿಸಿ ಅನ್ನಿ. ಭಾಗ 4ರಲ್ಲಿ ಸೋರೋ ಛಾವಣಿ.