ಊರ ಹೊರಗೆಂಬ ಭ್ರಾಂತಿ

ಮನೆಯ ಕಸವನ್ನು ಗುಡಿಸಿ ನೆರೆಮನೆಯ ಅಂಗಳಕ್ಕೆ ತಳ್ಳುವ ಗೃಹಸ್ಥನನ್ನು ಯಾರೂ ಶುಚಿವಂತನೆನ್ನರು. ಅದೇ ಕಾರ್ಯವನ್ನು ಮಹಾನಗರವೊಂದು ಲಾರಿಗಳ ಮೂಲಕ ನೆರವೇರಿಸಿದರೆ ಅದಕ್ಕೆ ನೈರ್ಮಲ್ಯ ವ್ಯವಸ್ಥೆಯೆಂಬ ಗೌರವದ ಹೆಸರು ಸಲ್ಲುತ್ತದೆ! ಕಸವನ್ನು 'ಊರ ಹೊರಗೆ' ಸಾಗಿಸಲಾಗುವುದೆಂದು ಬೆಂಗಳೂರಿನ ನಾಗರಿಕರು ನಿಶ್ಚಿಂತರಾಗಿ ಹೇಳುತ್ತಾರೆ. ಒಂದೂರಿನ ಹೊರಗೆಂಬುದು ಇನ್ನೊಂದೂರಿನ ಒಳಗೆಂಬುದು ಅವರ ಬುದ್ಧಿಗೆ ಹೊಳೆಯದಿರುವುದು ಸೋಜಿಗವೇ ಸರಿ.

ಯಲಹಂಕದ ಸಮೀಪದ ಮಾವಳ್ಳಿಪುರದ ಗ್ರಾಮಸ್ಥರು ವರ್ಷಗಟ್ಟಲೆ ಈ ಕಸವನ್ನು ಸಹಿಸಿ, ಕಡೆಗೆ ಪ್ರತಿಭಟಿಸಿದರು. 2012ರಲ್ಲಿ ಅಲ್ಲಿಯ ದಾರಿ ಮುಚ್ಚಿದೊಡನೆ ನಗರದ ಬೀದಿಗಳಲ್ಲಿಯೇ ಕಸವು ಕೊಳೆಯಿತು. ಭಾರವು ಮಂಡೂರಿನ ಮೇಲೆ ಬಿದ್ದಿತು. ಅಲ್ಲಿಯ ಜನರ ಹೋರಾಟದ ಫಲವಾಗಿ 2014ರ ಡಿಸೆಂಬರಿನಲ್ಲಿ ಅದೂ ನಿಂತಿತು. ಅನಂತರ ಲಾರಿಗಳು ಬಾಗಲೂರಿನ ಕಡೆಯ ಕಲ್ಲುಗಣಿಗಳತ್ತ ತಿರುಗಿದವು. ನೆಲವನ್ನಗೆದು ತೆಗೆದ ಕಲ್ಲು ಪಟ್ಟಣಿಗರ ಸೌಧಗಳಿಗೆ; ಉಳಿದ ಕುಳಿಗೆ ಅವರ ಎಂಜಲು! ಸ್ಥಳವು ಬದಲಾಯಿತಲ್ಲದೆ ರೀತಿಯು ಬದಲಾಗಲಿಲ್ಲ.

ಕಸವು ರೈತನಿಗೆ ಗೊಬ್ಬರವಾಗುವುದರಿಂದ ಹಳ್ಳಿಗಳಿಗೆ ಉಪಕಾರವೇ ಆಗುತ್ತದೆಂದು ವಾದಿಸುವ ಪಂಡಿತರೂ ಇದ್ದಾರೆ. ತಿಪ್ಪೆಯ ಬೆಲೆಯನ್ನು ರೈತನಿಗೆ ಇವರು ಕಲಿಸಬೇಕೆ? ಸಗಣಿ, ಬೂದಿ, ತರಗೆಲೆ ಕೊಳೆತ ತಿಪ್ಪೆಯು ಒಕ್ಕಲಿನ ಮನೆಯ ಆಸ್ತಿ. ಪ್ಲಾಸ್ಟಿಕ್ ಚೀಲ, ಒಡೆದ ಗಾಜು, ಔಷಧದ ಸೂಜಿ, ಹಳೆಯ ಬ್ಯಾಟರಿಗಳನ್ನು ಅದರೊಡನೆ ಕಲಸಿದ ಮೇಲೆ ಅದು ಗೊಬ್ಬರವಲ್ಲ, ವಿಷ. ಹಸಿಯನ್ನೂ ಒಣವನ್ನೂ ಮನೆಯಲ್ಲಿಯೇ ಬೇರ್ಪಡಿಸತಕ್ಕದ್ದೆಂದು 2016ರ ನಿಯಮಗಳೇ ವಿಧಿಸಿದ್ದವು. ಕೌಟಿಲ್ಯನಾದರೋ ಬೀದಿಗೆ ಧೂಳನ್ನು ಚೆಲ್ಲಿದವನಿಗೇ ಪಣದ ಎಂಟನೆಯ ಒಂದು ಭಾಗ ದಂಡವನ್ನು ಹೇಳಿದ್ದನು. ವಿಧಿಗೆ ಕೊರತೆಯಿಲ್ಲ, ಎರಡು ಬುಟ್ಟಿಗಳನ್ನಿಡಲು ಓದಿದವರ ಮನೆಗಳಲ್ಲಿಯೇ ಆಲಸ್ಯ.

ನೀರಿನ ಕಥೆಯು ಇದಕ್ಕಿಂತ ಭಿನ್ನವಲ್ಲ. ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯನ್ನು ಯಂತ್ರಬಲದಿಂದ ಮೇಲೆತ್ತಿ ನಗರಕ್ಕೆ ತರಲಾಗುತ್ತಿದೆ. 2024ರಲ್ಲಿ ಆರಂಭವಾದ ಐದನೆಯ ಹಂತವೊಂದರ ಪ್ರಮಾಣವೇ ದಿನಕ್ಕೆ 77.5 ಕೋಟಿ ಲೀಟರು. ಬಂದ ನೀರಿಗೆ ಮೀಟರುಂಟು, ಬಿಲ್ಲುಂಟು. ಹೋದ ನೀರಿನ ಲೆಕ್ಕವನ್ನು ಕೇಳುವ ಮನೆ ಯಾವುದು? ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಭಕ್ತರು ನಂಬಿರುವ ವೃಷಭಾವತಿಯು ಆ ಕೊಳೆಯನ್ನೆಲ್ಲ ಹೊತ್ತು ಬೈರಮಂಗಲದ ಕೆರೆಯನ್ನು ಸೇರಿ, ಅರ್ಕಾವತಿಯ ಮೂಲಕ ಮತ್ತೆ ಕಾವೇರಿಯನ್ನೇ ಕೂಡುತ್ತಾಳೆ. ನಡುವಣ ರೈತರು ಅದೇ ನೀರಿನಿಂದ ಬೆಳೆದ ಪೈರು ತಿರುಗಿ ಪೇಟೆಗೇ ಬರುವುದೆಂಬುದನ್ನು ಪಟ್ಟಣಿಗರು ಯೋಚಿಸಿದಂತಿಲ್ಲ.

ಕೋಲಾರದ ಕೆರೆಗಳಿಗೆ 2018ರಿಂದ ನಗರದ ಸಂಸ್ಕರಿಸಿದ ನೀರು ಹರಿಯಿತು. ಬತ್ತಿದ ಕೆರೆಗಳು ತುಂಬಿದುದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಅದೇ ವರ್ಷ ನೊರೆ ಕಾಣಿಸಿ, ವಿಷಯವು ನ್ಯಾಯಾಲಯದ ಮೆಟ್ಟಿಲೇರಿತು. ಬಾಯಾರಿದವನು ಲೋಟವನ್ನು ಪರೀಕ್ಷಿಸಲಾರನು. ಪರೀಕ್ಷಿಸುವ ಹೊಣೆ ಕೊಟ್ಟವನದು.

ಆದುದರಿಂದ ನಗರಾಡಳಿತವು ಮೊದಲು ಲೆಕ್ಕವನ್ನು ಒಪ್ಪಿಸಲಿ. ಯಾವ ಬಡಾವಣೆಯಿಂದ ಎಷ್ಟು ಕಸ ಹೊರಟಿತು, ಯಾವ ಗ್ರಾಮದ ನೆಲಕ್ಕೆ ಎಷ್ಟು ಬಿದ್ದಿತು, ಯಾವ ಕೆರೆಗೆ ಎಂತಹ ನೀರು ಸೇರಿತು ಎಂಬುದನ್ನು ತಿಂಗಳು ತಿಂಗಳೂ ಆಯಾ ಪಂಚಾಯತಿಗೆ ತಿಳಿಸತಕ್ಕದ್ದು. ಸುತ್ತಣ ಬಾವಿಗಳ ನೀರಿನ ಪರೀಕ್ಷೆಯ ಫಲವನ್ನು ಅಲ್ಲಿಯ ರೈತನು ಓದಬಲ್ಲ ಕನ್ನಡದಲ್ಲಿ ಬರೆದು, ಪಂಚಾಯತಿ ಕಛೇರಿಯ ಗೋಡೆಗೆ ಅಂಟಿಸತಕ್ಕದ್ದು.