ಗುಜರಿಯ ಸ್ಪೀಕರು ಕಲಿಸಿದ ಸೂತ್ರ

ನಮ್ಮ ಪಕ್ಕದ ಮನೆಯ ಹುಡುಗ ದ್ವಿತೀಯ ಪಿಯುಸಿ ವಿದ್ಯಾರ್ಥಿ. ಈಚೆಗೆ ಒಂದು ಭಾನುವಾರ ಗುಜರಿ ಅಂಗಡಿಯಿಂದ ಸೊಂಟದೆತ್ತರದ ಎರಡು ಹಳೆಯ ಸ್ಪೀಕರ್ ಪೆಟ್ಟಿಗೆಗಳನ್ನು ಆಟೋದಲ್ಲಿ ಹೇರಿಕೊಂಡು ಬಂದ. ಜೋಡಿಗೆ ಎರಡು ಸಾವಿರ ರೂಪಾಯಿ. ಹಬ್ಬಕ್ಕೆಂದು ಅಜ್ಜಿ ಕೊಟ್ಟಿದ್ದನ್ನು ಕೂಡಿಟ್ಟ ದುಡ್ಡು. ಅಪ್ಪ ಬಾಗಿಲಲ್ಲೇ ತಡೆದರು. ‘ಪರೀಕ್ಷೆ ತಲೆ ಮೇಲಿದೆ, ಈ ಕಸ ಎಲ್ಲಿಡ್ತೀಯೋ?’ ಪಂಚಾಯ್ತಿ ನನ್ನ ಮನೆಗೆ ಬಂತು.

ನಾನು ಹುಡುಗನ ಪರ ನಿಂತೆ. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ಸ್ಪೀಕರಿನ ಮೂಲ ರಚನೆ ಇಂದಿಗೂ ಹೆಚ್ಚು ಬದಲಾಗಿಲ್ಲ: ಒಂದು ಅಯಸ್ಕಾಂತ, ಒಂದು ತಂತಿ ಸುರುಳಿ, ಅದಕ್ಕಂಟಿದ ಕಾಗದದ ಕೋನ್. ಹೀಗಾಗಿ ಮೂವತ್ತು ವರ್ಷದ ಹಳೆಯ ಕಂಪ್ಯೂಟರಿನಷ್ಟು ಹಳೆಯ ಸ್ಪೀಕರು ನಿಷ್ಪ್ರಯೋಜಕವಲ್ಲ. ಅಲ್ಲದೆ ಇಂಥ ಪೆಟ್ಟಿಗೆಯೊಳಗೆ ಮನೆಯ ಕರೆಂಟು ಹರಿಯುವುದಿಲ್ಲ. ಆಂಪ್ಲಿಫೈಯರಿನ ತಂತಿ ಕಳಚಿಟ್ಟರೆ ಕೈಹಾಕಲು ಭಯವಿಲ್ಲ. ಆಂಪ್ಲಿಫೈಯರನ್ನು ಮಾತ್ರ ಮಕ್ಕಳು ಬಿಚ್ಚಕೂಡದು.

ಕೊಳ್ಳುವ ಮುನ್ನ ನೋಡಬೇಕಾದದ್ದು ನಾಲ್ಕು. ಒಂದು, ಕೋನಿನ ಸುತ್ತಲಿನ ಅಂಚು. ಸ್ಪಂಜಿನದಾದರೆ ವರ್ಷಗಳು ಕಳೆದಂತೆ ಪುಡಿಯಾಗಿರುತ್ತದೆ. ರಬ್ಬರು ಅಥವಾ ಬಟ್ಟೆಯದು ಹೆಚ್ಚು ಬಾಳುತ್ತದೆ. ಎರಡು, ಬೆರಳ ತುದಿಗಳಿಂದ ಕೋನನ್ನು ಎಲ್ಲ ಕಡೆ ಸಮನಾಗಿ ಮೆಲ್ಲಗೆ ಒತ್ತಿ. ಕರಕರ ಸದ್ದು ಬಂದರೆ ಸುರುಳಿ ಉಜ್ಜುತ್ತಿದೆ, ಬಿಟ್ಟುಬಿಡಿ. ಮೂರು, ಮಲ್ಟಿಮೀಟರ್ ಇಟ್ಟು ಅಳೆಯಿರಿ. 8 ಓಂ ವೂಫರು ಸುಮಾರು 6 ಓಂ ತೋರಿಸಿದರೆ ಸರಿ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ನಾಲ್ಕು, ಪೆಟ್ಟಿಗೆಯ ತಳ. ನೀರು ಕುಡಿದು ಉಬ್ಬಿದ ಹಲಗೆ ಮತ್ತೆ ಕೂರುವುದಿಲ್ಲ.

ಮನೆಗೆ ತಂದ ಮೇಲೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ಧನ ತುದಿ ಕೆಂಪು ಟರ್ಮಿನಲ್ಲಿಗೆ ಮುಟ್ಟಿದಾಗ ಎರಡೂ ವೂಫರುಗಳು ಒಂದೇ ದಿಕ್ಕಿಗೆ ಚಲಿಸಬೇಕು. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋದರೆ ಮೃದಂಗದ ತೊಪ್ಪಿಯ ನಾದವೇ ಬಡವಾಗುತ್ತದೆ.

ನಮ್ಮ ಹುಡುಗ ಇಷ್ಟನ್ನೂ ಚೆನ್ನಾಗಿಯೇ ಮಾಡಿದ. ಹರಿದ ಅಂಚಿಗೆ ಹೊಸದನ್ನು ಅಂಟಿಸಿದ. ಎಡವಿದ್ದು ಆಮೇಲೆ. ಟ್ವೀಟರಿಗೆ ಮಂದ್ರ ಸ್ವರಗಳು ತಲುಪದಂತೆ ತಡೆಯುವ ಕೆಪಾಸಿಟರ್ ಒಂದಿರುತ್ತದೆ. ಅದು ವಯಸ್ಸಾಗಿ ಸೊರಗಿತ್ತು. ಅದರ ಮೇಲೆ 4.7 ಮೈಕ್ರೋಫ್ಯಾರಡ್ ಎಂದು ಬರೆದಿತ್ತು. ‘ದೊಡ್ಡದಾದರೆ ಇನ್ನೂ ಒಳ್ಳೆಯದು’ ಎಂದು ಇವನು 10ರದನ್ನು ಬೆಸುಗೆ ಹಾಕಿದ. ಎರಡು ದಿನ ಭರ್ಜರಿಯಾಗಿ ಹಾಡಿಸಿದ. ಮೂರನೆಯ ದಿನ ಒಂದು ಟ್ವೀಟರ್ ಸುಟ್ಟು ಮೌನವಾಯಿತು. ಅಪ್ಪ ನನ್ನ ಮುಖ ನೋಡಿದರು. ಹುಡುಗನ ಪರ ನಿಂತ ತಪ್ಪಿಗೆ ನಾನೂ ತಲೆತಗ್ಗಿಸಿದೆ.

ಹುಡುಗನ ಭೌತಶಾಸ್ತ್ರದ ನೋಟ್‌ಬುಕ್ ತರಿಸಿದೆ. ಕೆಪಾಸಿಟರ್ ಒಡ್ಡುವ ತಡೆಯ ಸೂತ್ರ ಅವನದೇ ಅಕ್ಷರದಲ್ಲಿತ್ತು. ಆ ತಡೆ ಟ್ವೀಟರಿನ 8 ಓಂಗೆ ಸಮನಾಗುವ ಜಾಗವೇ ಗಡಿ. ಲೆಕ್ಕ ಹಾಕಿಸಿದೆ. 4.7ಕ್ಕೆ ಗಡಿ ಸುಮಾರು 4,200 ಹರ್ಟ್ಸ್. 10ಕ್ಕೆ ಸುಮಾರು 2,000 ಹರ್ಟ್ಸ್. ಗಡಿ ಕೆಳಗಿಳಿದು, ಹೊರಲಾಗದ ಹೊರೆ ಆ ಪುಟ್ಟ ಟ್ವೀಟರಿನ ತಲೆಗೆ ಬಿದ್ದಿತ್ತು. ಹುಡುಗ ಪೆನ್ನು ಕೆಳಗಿಟ್ಟು, ‘ಅಂಕಲ್, ಇದನ್ನು ಟೆಸ್ಟ್‌ನಲ್ಲಿ ಸರಿಯಾಗಿ ಬರೆದಿದ್ದೆ’ ಎಂದ. ಅಳು ಬರುವಂತಿತ್ತು.

ವಿದ್ಯಾರ್ಥಿಗಳೇ, ಹಳೆಯ ವಸ್ತುವನ್ನು ಮೊದಲು ಇದ್ದಂತೆ ದುರಸ್ತಿ ಮಾಡಿ. ಕೆಪಾಸಿಟರ್ ಬದಲಿಸಿದರೂ ಅದೇ ಬೆಲೆಯ, ಧ್ರುವರಹಿತವಾದದ್ದನ್ನೇ ಹಾಕಿ. ಸುಧಾರಣೆ ಬೇಕೆಂದರೆ ಒಂದು ಪೆಟ್ಟಿಗೆಯನ್ನು ಮಾತ್ರ ಬದಲಿಸಿ, ಇನ್ನೊಂದರ ಜೊತೆ ಹೋಲಿಸಿ ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಹೆತ್ತವರೇ, ಬೈಯುವ ಮುನ್ನ ಒಂದು ಗಳಿಗೆ ತಾಳಿ. ಮುಂದಿನ ಭಾನುವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಟ್ವೀಟರ್ ಹುಡುಕಲು ಹುಡುಗನ ಜೊತೆ ಹೊರಟವರು ಅವನ ಅಪ್ಪನೇ. ಅಂಗಡಿಯಾತ 10ರ ಕೆಪಾಸಿಟರ್ ಮುಂದಿಟ್ಟಾಗ ‘ಬೇಡ, 4.7 ಕೊಡಿ’ ಎಂದವರೂ ಅವರೇ ಅಂತೆ.